ಗೊತ್ತಿತ್ತೋ ಗೊತ್ತಿರಲಿಲ್ಲವೋ ಎಂದು ರಾಯದುರ್ಗ ವಾದಕ್ಕೆ ಬಿದ್ದ ಬೇಸಿಗೆ

ಮೊನ್ನೆ ಮಡಕಶಿರಾದ ಬಜಾರಿನಲ್ಲಿ ತಮ್ಮನ ಮಗನಿಗೆ ಪ್ಯಾಂಟು ತೆಗೆದುಕೊಡಲು ಹೋಗಿದ್ದೆ. ಅಂಗಡಿಯವನು ಕವರು ಬಿಚ್ಚಿದ್ದೇ ತಡ, ಹೊಸ ಜೀನ್ಸ್ ಬಟ್ಟೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನೀಲಿ ಬಣ್ಣ, ಗಂಜಿ, ಮಿಷನ್ ಎಣ್ಣೆ ಮೂರೂ ಬೆರೆತ ವಾಸನೆ. ನನ್ನ ಕೈ ನನ್ನನ್ನು ಕೇಳದೆಯೇ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆ ಎಳೆದು, ಜೇಬಿನ ಮೇಲೆ ಹೆಬ್ಬೆರಳು ಓಡಿಸಿತು.

"ಏನಮ್ಮ, ತಗೊಳ್ಳಾಕೆ ಬಂದ್ಯೋ, ರೇಡು ಮಾಡಾಕೆ ಬಂದ್ಯೋ?" ಅಂದ ಅಂಗಡಿಯವನು.

"ಎಡಗಡೆ ಜೇಬು ಒಂದು ನೂಲು ಕೆಳಗೈತೆ ಕಣಪ್ಪ. ಬೇರೆ ತೋರ್ಸು" ಅಂದೆ. ಅವನು ನಂಬದೆ ಟೇಪು ಹಿಡಿದು ನೋಡಿದ. ಆಮೇಲೆ ತೆಪ್ಪಗೆ ಬೇರೆ ಪ್ಯಾಂಟು ತೆಗೆದ.

ಈ ಹೆಬ್ಬೆರಳಿನ ವಿದ್ಯೆ ನನಗೆ ಬಂದದ್ದು ರಾಯದುರ್ಗದಲ್ಲಿ. ನಮ್ಮ ಕಡೆಯವರೆಲ್ಲ ಗಾರ್ಮೆಂಟ್ಸ್ ಅಂದರೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲ ಅದು. ನಾನೂ ನನ್ನ ಗಂಡನೂ ಮಾತ್ರ ಉಲ್ಟಾ ದಿಕ್ಕಿಗೆ ಹೋದೆವು. ನಾದಿನಿ ರಾಯದುರ್ಗದಲ್ಲಿದ್ದಳು, ಅಲ್ಲಿ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಾರೆ, ಕೆಲಸಕ್ಕೆ ಬರವಿಲ್ಲ ಅಂದಳು. ಗಂಡ ಪ್ಯಾಂಟು ತೊಳೆದು ಬಣ್ಣ ಇಳಿಸುವ ವಾಷಿಂಗಿಗೆ ಸೇರಿಕೊಂಡ, ನಾನು ಬಸಣ್ಣ ಸಾವ್ಕಾರರ ಹೊಲಿಗೆ ಶೆಡ್ಡಿಗೆ. ಮೂವತ್ತು ಮಿಷನ್ನಿನ ಶೆಡ್ಡು, ಮೇಲೆ ತಗಡು. ನನ್ನ ಊರು ಮಡಕಶಿರಾ ಕಡೆಯ ರತ್ನಗಿರಿ, ಹೆಸರು ಗಂಗಮ್ಮ. ಅಲ್ಲಿ ಆಗಲೇ ಇಬ್ಬರು ಗಂಗಮ್ಮಂದಿರಿದ್ದರು, ಹಾಗಾಗಿ ನಾನು ರತ್ನಗಿರಿ ಗಂಗಮ್ಮ ಆದೆ. ನಾನು 'ಕಣ್ರೀ' ಅಂದಾಗಲೆಲ್ಲ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ನಗಲಿ ಬಿಡು, ನಾನೂ ಅವರ 'ಹೌದ್ರಿ, ಬರ್ರಿ'ಗೆ ನಗುತ್ತಿದ್ದೆ.

ಆ ಬೇಸಿಗೆಯಲ್ಲಿ ಬಿಸಿಲು ಹೆಚ್ಚೋ ಕರೆಂಟು ಕಡಿಮೆಯೋ ಹೇಳುವುದು ಕಷ್ಟ. ಬೆಳಿಗ್ಗೆ ಹತ್ತಕ್ಕೆ ಹೋದರೆ ಬರುವುದು ಹನ್ನೆರಡಕ್ಕೆ, ಮತ್ತೆ ಮಧ್ಯಾಹ್ನ ಎರಡು ತಾಸು ಇಲ್ಲ. ಅಲ್ಲಿಯವರು ಅದನ್ನು ತೆಲುಗಿನಲ್ಲೇ 'ಕೋತ' ಅನ್ನುತ್ತಿದ್ದರು. ಕೋತ ಬಿತ್ತೆಂದರೆ ಮೂವತ್ತು ಮಿಷನ್ನೂ ಒಟ್ಟಿಗೆ ಗಪ್‌ಚಿಪ್. ತಗಡಿನ ಕೆಳಗೆ ಕೂತರೆ ಬೆಂದುಹೋಗುತ್ತೇವೆಂದು ಎಲ್ಲರೂ ಎದುರಿಗಿದ್ದ ಬೇವಿನ ಮರದ ಕೆಳಗೆ ಓಡುತ್ತಿದ್ದೆವು. ಅಲ್ಲಿ ನನಗೊಂದು ಕೆಲಸ ಗಂಟುಬಿತ್ತು. ನಾನು ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೆಯವರೆಗೆ ಓದಿದವಳು, ತೆಲುಗೂ ಓದಲು ಬರುತ್ತದೆ. ಟೀ ಅಂಗಡಿಯ ತೆಲುಗು ಪೇಪರು, ಬಳ್ಳಾರಿ ಬಸ್ಸಿನಲ್ಲಿ ಬರುವ ಕನ್ನಡ ಪೇಪರು ಎರಡನ್ನೂ ತಂದು ನನ್ನ ಮಡಿಲಿಗೆ ಹಾಕಿ, "ಓದವ್ವ" ಅನ್ನುತ್ತಿದ್ದರು. ಕರೆಂಟು ಬರುವವರೆಗೆ ನಾನು ಓದಬೇಕು, ಅವರು ಕೇಳಬೇಕು. ನನ್ನ ಗಂಟಲು ಎಷ್ಟು ದೊಡ್ಡದು ಅಂತ ನನಗೇ ಗೊತ್ತಾದದ್ದು ಆ ಮರದ ಕೆಳಗೆ.

ಆ ಮೇ ತಿಂಗಳಲ್ಲಿ ಬಂತು ನೋಡಿ ಆ ಸುದ್ದಿ. ಅಮೆರಿಕದವರು ವರ್ಷಗಟ್ಟಲೆ ಗುಡ್ಡ ಗವಿ ಎಲ್ಲ ಜಾಲಾಡಿ ಹುಡುಕುತ್ತಿದ್ದ ಆ ದೊಡ್ಡ ಉಗ್ರಗಾಮಿ ಗವಿಯಲ್ಲಿ ಇರಲೇ ಇಲ್ಲ. ಅಮೆರಿಕದ ದೋಸ್ತಿ ದೇಶವೇ ಆದ ನಮ್ಮ ನೆರೆಯ ದೇಶದಲ್ಲಿ, ಊರೊಳಗೆ, ಮಿಲಿಟರಿ ಕಾಲೇಜಿಗೆ ಹತ್ತಿರದಲ್ಲೇ ಎತ್ತರದ ಗೋಡೆಯ ಮನೆಯೊಂದರಲ್ಲಿ ಸಂಸಾರ ಹೂಡಿದ್ದ. ಅಮೆರಿಕದವರು ಆ ದೇಶಕ್ಕೆ ಒಂದು ಮಾತೂ ಹೇಳದೆ ಬಂದು ಕೊಂದು ಹೋಗಿದ್ದರು. ಸತ್ತದ್ದು ಒಂದು ದಿನದ ಸುದ್ದಿ. ಆಮೇಲೆ ಎದ್ದ ಪ್ರಶ್ನೆ ಮಾತ್ರ ವಾರಗಟ್ಟಲೆ ಇಳಿಯಲಿಲ್ಲ. ಅವನು ಅಲ್ಲಿದ್ದದ್ದು ಆ ಸರ್ಕಾರಕ್ಕೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ? ಲೋಕದ ದೊಡ್ಡ ದೊಡ್ಡವರೆಲ್ಲ ಇದನ್ನೇ ಕಿತ್ತಾಡುತ್ತಿದ್ದರು. ನಮ್ಮ ಬೇವಿನ ಮರ ಏನು ಕಡಿಮೆ?

"ಯವ್ವಾ, ಗೊತ್ತಿರಂಗಿಲ್ಲ ಅಂದ್ರ ಹೆಂಗ?" ಅಂತ ಮೊದಲು ಶುರು ಹಚ್ಚಿದವಳು ಸುಂಕಮ್ಮ. ನನ್ನ ಪಕ್ಕದ ಮಿಷನ್ನಿನವಳು, ದಿನಾ ಕಣೇಕಲ್ಲಿನಿಂದ ಬಸ್ಸಿಗೆ ಬರುತ್ತಿದ್ದಳು. "ನಮ್ಮ ಓಣ್ಯಾಗ ಯಾರರ ಒಂದು ಲೋಟ ಹಾಲು ಜಾಸ್ತಿ ತಗೊಂಡ್ರ 'ಯಾರು ಬಂದಾರ' ಅಂತ ಕೇಳ್ತೀವಿ. ಅಷ್ಟು ಮಂದಿ ಇದ್ದ ಮನಿ, ಹಾಲಿನಾಕಿಗೆ ಗೊತ್ತಿರಂಗಿಲ್ಲೇನು?"

"ಹಾಲಿನಾಕಿಗೆ ಗೊತ್ತಿದ್ರ ಸರ್ಕಾರಕ್ಕ ಗೊತ್ತಿರಬೇಕೇನು?" ಅಂತ ಎದ್ದವನು ಹೊನ್ನೂರಪ್ಪ. ಜಿಪ್ಪು ಹಚ್ಚುವುದರಲ್ಲಿ ಅವನ ಕೈ ಮೀರಿಸುವವರಿಲ್ಲ. ಬಾಯಿಯೂ ಹಾಗೇ. "ಸರ್ಕಾರ ಅಂದ್ರ ದೇವರಾ? ನಮ್ಮೂರಾಗ ಸತ್ತು ಮೂರು ವರ್ಷ ಆದೋರ ಹೆಸರಿಲೆ ಇನ್ನಾ ರೇಷನ್ ಅಕ್ಕಿ ಬರ್ತೈತಿ. ಸತ್ತೋರೇ ಗೊತ್ತಿಲ್ಲ, ಇದ್ದೋರು ಗೊತ್ತಿರ್ತಾರೇನ್ರಿ? ಅಲ್ಲದ ಯಾವನರ ಕಳ್ಳ ಸ್ಟೇಷನ್ ಮಗ್ಗಲಾಗ ಮನಿ ಮಾಡ್ತಾನಾ?"

ಗಂಡಸರು ಹೋ ಎಂದರು. ನಾನು ಬಿಡುತ್ತೇನೆಯೇ? "ಸ್ಟೇಷನ್‌ನೋರು ನೆಂಟ್ರಾಗಿದ್ರೆ ಅದಕ್ಕಿಂತ ಒಳ್ಳೆ ಜಾಗ ಯಾವ್ದೈತೆ ಕಣಣ್ಣ?" ಅಂದೆ. ಹೆಂಗಸರು ಹೋ ಎಂದರು. ಅಲ್ಲಿಗೆ ಶೆಡ್ಡು ಎರಡು ಪಾರ್ಟಿ ಆಯಿತು. ಕರೆಂಟು ಬಂದು ಫ್ಯಾನು ತಿರುಗಿದರೂ ಯಾರೂ ಏಳುತ್ತಿರಲಿಲ್ಲ. ಮಿಷನ್ನಿಗೆ ಕೂತರೂ ಬಾಯಿ ನಿಲ್ಲುತ್ತಿರಲಿಲ್ಲ. "ನಾನು ಶೆಡ್ಡು ಹಾಕೀನೋ, ಅಸೆಂಬ್ಲಿ ಹಾಕೀನೋ?" ಅಂತ ಸಾವ್ಕಾರರು ತಲೆ ಚಚ್ಚಿಕೊಂಡರು.

ಅದೇ ಹೊತ್ತಿಗೆ ಶೆಡ್ಡಿನಲ್ಲಿ ಇನ್ನೊಂದು ವಿಷಯ ನಡೆದಿತ್ತು. ಹಳೇ ಚೆಕರ್ ತಿಮ್ಮಪ್ಪಜ್ಜನಿಗೆ ಕಣ್ಣಿಗೆ ಪೊರೆ ಬಂದು ಕೆಲಸ ಬಿಡುವುದೆಂದಾಗಿತ್ತು. ಹೊಲಿದು ಮುಗಿದ ಪ್ಯಾಂಟು ಕೊನೆಗೆ ಬಂದು ಬೀಳುವುದು ಚೆಕಿಂಗ್ ಟೇಬಲ್ಲಿಗೆ. ಅಲ್ಲಿ ಪಾಸಾದರೆ ಬಳ್ಳಾರಿಯ ವ್ಯಾಪಾರಿಗೆ, ಇಲ್ಲವಾದರೆ ಹೊಲಿದವರಿಗೇ ವಾಪಸ್. ಆ ಟೇಬಲ್ಲಿಗೆ ಯಾರು ಅನ್ನುವುದು ಪ್ರಶ್ನೆ. ಹೊನ್ನೂರಪ್ಪನಿಗೆ ಆಸೆ ಇತ್ತು. ನನಗೂ ಇತ್ತು. ಸುಳ್ಳೇಕೆ ಹೇಳಲಿ, ರಾತ್ರಿ ಹಗಲು ಅದೇ ಆಸೆ. ದಿನವಿಡೀ ಬಗ್ಗಿ ಜೇಬು ಹಚ್ಚಿ ನನ್ನ ಬೆನ್ನು ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಯಾರೋ ಹೇಳಿದ್ದನ್ನು ಹೊಲಿಯುವುದು ಸಾಕಾಗಿತ್ತು. ಇದು ಸರಿ, ಇದು ತಪ್ಪು ಅಂತ ನಾನು ಹೇಳಬೇಕು ಅನ್ನಿಸುತ್ತಿತ್ತು.

ತಿಮ್ಮಪ್ಪಜ್ಜನನ್ನು ಕೇಳಿದ್ದೆ. ಅವನು ನಕ್ಕು, "ತಪ್ಪು ಎಲ್ಲಾರಿಗೂ ಕಾಣ್ತೈತವ್ವ. ಗೊತ್ತಿದ್ದು ಬಿಟ್ಟಿದ್ದೋ, ಗೊತ್ತಿಲ್ಲದ ಬಿಟ್ಟಿದ್ದೋ, ಅದನ್ನ ಕಂಡುಹಿಡಿಯೋನು ಚೆಕರ್" ಅಂದ. ಸಾವ್ಕಾರರನ್ನು ಕೇಳಿದೆ. ಅವರು ಕೆಮ್ಮಿದರು. "ಹೆಣ್ಮಗಳು ನೀನು. ಬಳ್ಳಾರಿ ಪಾರ್ಟಿ ಬಂದು ಟೇಬಲ್ ಕುಟ್ಟಿ ಮಾತಾಡ್ತಾನ. ಎದುರಿಗೆ ನಿಂದ್ರಾಕ ಆಗ್ತೈತಾ?" ಆಮೇಲೆ ಏನು ಹೊಳೆಯಿತೋ, "ಭಾನುವಾರ ಶಂಕರಪ್ಪ ಮೇಷ್ಟ್ರ ಮುಂದ ನಿಮ್ಮ ವಾದ ತೀರಿಸ್ಕೊಳ್ರಿ. ಮಂದಿ ಮುಂದ ಯಾರು ನಿಂದ್ರತಾರ ನೋಡ್ತೀನಿ. ಟೇಬಲ್ ಮಾತು ಸೋಮವಾರ. ಆದ್ರ ಅದಾದ ಮ್ಯಾಲ ಶೆಡ್ಡಿನಾಗ ಆ ಸುದ್ದಿ ಎತ್ತಂಗಿಲ್ಲ" ಅಂದರು. ಮೇಷ್ಟ್ರು ರಿಟೈರಾದವರು, ಗ್ರಂಥಾಲಯದ ಅಂಗಳದಲ್ಲಿ ಆಗಾಗ ಇಂಥ ಚರ್ಚೆ ನಡೆಸುತ್ತಿದ್ದರು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದಕ್ಕೆ ಒಂದು ತಿಂಗಳ ಹಿಂದೆ ನಾನೊಂದು ಕೆಲಸ ಮಾಡಿದ್ದೆ. ಸುಂಕಮ್ಮನ ಮಗುವಿಗೆ ಜ್ವರ ಬಂದು ಅವಳು ನಿದ್ದೆಗೆಟ್ಟು ಬಂದಿದ್ದ ದಿನ. ಒಂದು ಪ್ಯಾಂಟಿನ ಬಲಜೇಬನ್ನು ಒಂದು ಬೆರಳು ಕೆಳಗೆ ಹಚ್ಚಿಬಿಟ್ಟಿದ್ದಳು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಕಟ್ಟು ಕಟ್ಟುವಾಗ ನಾನು ನೋಡಿದೆ. ಹೇಳಿದ್ದರೆ ಬಿಚ್ಚಿ ಹೊಲಿಯಬೇಕು, ಅವಳಿಗೆ ಕಣೇಕಲ್ಲಿನ ಬಸ್ಸು ತಪ್ಪುತ್ತಿತ್ತು. ಸುಮ್ಮನೆ ಆ ಪೀಸನ್ನು ಕಟ್ಟಿನ ನಡುವೆ ತೂರಿಸಿ ಬಿಗಿದುಬಿಟ್ಟೆ. ಹೊಲಿಗೆಯವರ ಹಳೇ ಚಾಳಿ ಇದು, ಪೊರೆಗಣ್ಣಿನ ಅಜ್ಜ ಮೇಲಿಂದ ನಾಲ್ಕು, ಕೆಳಗಿಂದ ನಾಲ್ಕು ನೋಡುತ್ತಾನೆ, ನಡುವಿನದು ದಾಟಿಹೋಗುತ್ತದೆ. ಅಜ್ಜನನ್ನು ದಾಟಿತು, ಬಳ್ಳಾರಿಯಲ್ಲಿ ಸಿಕ್ಕಿಬಿತ್ತು. ಇಡೀ ಕಟ್ಟು ವಾಪಸ್ ಬಂತು. ಸಾವ್ಕಾರರು ಎಲ್ಲರನ್ನೂ ನಿಲ್ಲಿಸಿ, "ಇದು ಯಾರಿಗೆ..." ಅನ್ನುವಷ್ಟರಲ್ಲೇ ನಾನು, "ನನಗೇನೂ ಗೊತ್ತಿಲ್ಲ ಕಣ್ರೀ" ಅಂದಿದ್ದೆ. ಬೈಗುಳವೆಲ್ಲ ಅಜ್ಜನ ಪಾಲಾಯಿತು. ನಾನು ತಲೆ ತಗ್ಗಿಸಿ ದಾರ ಪೋಣಿಸಿದೆ.

ಭಾನುವಾರ ಸಂಜೆ ಹೋಗಿ ನೋಡಿದರೆ, ಗ್ರಂಥಾಲಯದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ! ಬೇರೆ ಶೆಡ್ಡಿನವರೂ ಬಂದಿದ್ದರು, ವಾಷಿಂಗಿನವರು ನೀಲಿ ಕೈಯಲ್ಲೇ ಬಂದು ನಿಂತಿದ್ದರು. ಮಂಡಕ್ಕಿ ಮಿರ್ಚಿಯ ಗಾಡಿ ಬೇರೆ. ಸಾವ್ಕಾರರಿಗೆ ಮುಂದೆ ಕುರ್ಚಿ. ಮೇಷ್ಟ್ರು ಮೈಕು ತರಿಸಿದ್ದರು. "ಹಲೋ" ಅನ್ನುತ್ತಿದ್ದ ಹಾಗೇ ಕೋತ ಬಿದ್ದು ಮೈಕು ಸತ್ತಿತು. ಜನ ಗೊಳ್ಳೆಂದರು. ನನಗೆ ಒಳಗೊಳಗೇ ಖುಷಿ. ಮೂವತ್ತು ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ನನ್ನದು, ಮೈಕು ಯಾರಿಗೆ ಬೇಕಿತ್ತು?

ಮೊದಲು ಹೊನ್ನೂರಪ್ಪ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಅದನ್ನು ಒಪ್ಪಬೇಕು. ಅಷ್ಟು ದೊಡ್ಡ ದೇಶ, ಯಾವ ಮನೆಯಲ್ಲಿ ಯಾರಿದ್ದಾರೆಂದು ಯಾರು ಲೆಕ್ಕವಿಡುತ್ತಾರೆ ಅಂದ. ಆ ದೇಶವೂ ಬಾಂಬಿಗೆ ಸಾವಿರಾರು ಜನರನ್ನು ಕಳೆದುಕೊಂಡಿದೆ, ತನ್ನ ಮಕ್ಕಳನ್ನು ಕೊಲ್ಲುವವನನ್ನು ಯಾರಾದರೂ ಸಾಕುತ್ತಾರೇನ್ರಿ ಅಂದ. ಚಪ್ಪಾಳೆ ಬಿತ್ತು. ನಾನು ಎದ್ದು ಗೋಡೆಯ ಎತ್ತರದ ಮಾತೆತ್ತಿದೆ, ಸುಂಕಮ್ಮನ ಹಾಲಿನ ಮಾತೆತ್ತಿದೆ, ಹೊಸದಾಗಿ ಬಂದವರ ಮನೆಯ ತಂತಿಯ ಮೇಲೆ ಒಣಗುವ ಬಟ್ಟೆ ನೋಡಿ ಎಷ್ಟು ಗಂಡಸರು, ಯಾರ ಸೊಂಟ ಎಷ್ಟಿಂಚು ಅಂತ ಹೇಳುವ ಹೆಂಗಸರು ಇಲ್ಲೇ ನೂರು ಜನ ಇದ್ದಾರೆ ಅಂದೆ. ಹೆಂಗಸರು ಸಿಳ್ಳೆ ಹೊಡೆದರು ಅಂದರೆ ನಂಬಬೇಕು.

ಆಮೇಲೆ ಒಬ್ಬರಿಗೊಬ್ಬರು ಒಂದೊಂದು ಪ್ರಶ್ನೆ ಕೇಳಬೇಕು ಅಂದರು ಮೇಷ್ಟ್ರು. ಹೊನ್ನೂರಪ್ಪ ಎದ್ದು ಮೀಸೆ ಒರೆಸಿಕೊಂಡ.

"ದೇಶದ ಮಾತು ಆಮ್ಯಾಕ್ರಿ. ಹೋದ ತಿಂಗಳು ವಾಪಸ್ ಬಂದ ಕಟ್ಟಿನಾಗ, ಸುಂಕಮ್ಮ ಕೆಡಿಸಿದ ಪೀಸು ನಡುವ ತುರುಕಿದಾಕಿ ಯಾರು? ಗಂಗಮ್ಮ, ನಾನು ಕಣ್ಣಾರೆ ನೋಡೀನಿ. ತಾನಾ ಮುಚ್ಚಿಟ್ಟಾಕಿ ಇನ್ನೊಬ್ಬರಿಗೆ ಮುಚ್ಚಿಟ್ಟೀರಿ ಅಂತ ಹೇಳಾಕ ನಾಚಿಕಿ ಬ್ಯಾಡಾ?"

ಮಿರ್ಚಿ ತಿನ್ನುತ್ತಿದ್ದವರೂ ನನ್ನ ಕಡೆ ತಿರುಗಿದರು. ಸುಂಕಮ್ಮ ನನ್ನ ಮುಖ ನೋಡಿದಳು, ಅವಳಿಗೆ ಗೊತ್ತಾದದ್ದೇ ಆಗ. ಸಾವ್ಕಾರರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. 'ಇಲ್ಲ' ಅಂದಿದ್ದರೆ ಅವನ ಮಾತಿಗೆ ನನ್ನ ಮಾತು, ಸಾಕ್ಷಿ ಯಾರೂ ಇರಲಿಲ್ಲ. ಟೇಬಲ್ಲು ಉಳಿಯುತ್ತಿತ್ತು. 'ಹೌದು' ಅಂದರೆ ಎಲ್ಲ ಹೋಯಿತು. ಹಿಂದೆ ಎಲ್ಲೋ ತಿಮ್ಮಪ್ಪಜ್ಜ ಕೆಮ್ಮಿದ್ದು ಕೇಳಿಸಿತು. ನನ್ನ ಪಾಲಿನ ಬೈಗುಳ ತಿಂದ ಮುದುಕ ಅದು. ಆ ಕೆಮ್ಮು ಕೇಳಿದ ಮೇಲೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಹೌದು ಕಣ್ರೀ, ನಾನೇ" ಅಂದೆ. "ಸುಂಕಮ್ಮಂಗೆ ಏನೇನೂ ಗೊತ್ತಿರ್ಲಿಲ್ಲ. ಗೊತ್ತಿದ್ದು ಮುಚ್ಚಿಟ್ಟೋಳು ನಾನು. ಬೈಸ್ಕೊಂಡೋನು ಆ ಅಜ್ಜ. ಅಜ್ಜ, ಎಲ್ರ ಮುಂದೆ ಹೇಳ್ತಿದೀನಿ, ತಪ್ಪಾಯ್ತು."

ಜನರಲ್ಲಿ ಗುಜುಗುಜು ಎದ್ದಿತು. ಹೊನ್ನೂರಪ್ಪ ಗೆದ್ದ ಮುಖ ಮಾಡಿಕೊಂಡು ಕೂರಲು ಹೋದ. ಆಗ ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ಧೈರ್ಯ!

"ಕೂತ್ಕಬೇಡ ಕಣಣ್ಣ, ಇನ್ನೂ ಮುಗ್ದಿಲ್ಲ. ನಾನು ಮುಚ್ಚಿಟ್ಟೋಳು, ಅದಕ್ಕೇ ನನಗೆ ಗೊತ್ತು. ಸಾವ್ಕಾರ್ರು ಅವತ್ತು ಕೇಳ್ದಾಗ ಗೊತ್ತಿಲ್ದೋರು ಏನಂದ್ರು? 'ಯಾವ ಪೀಸು? ಎಲ್ಲಿ? ತೋರ್ಸಿ' ಅಂತ ಮುಂದೆ ಬಿದ್ರು. ಸುಂಕಮ್ಮನೂ ಬಂದ್ಲು, ಮಿಕ್ಕೋರೂ ಬಂದ್ರು. ನಾನು? ಪ್ರಶ್ನೆ ಮುಗಿಯಾಕೆ ಮುಂಚೆ 'ನಂಗೊತ್ತಿಲ್ಲ' ಅಂದೆ. ಮೂರು ದಿನ ಆ ಕಟ್ಟಿನ ಕಡೆ ಕಾಲಿಕ್ಕಲಿಲ್ಲ. ಗೊತ್ತಿಲ್ದೋನು ತಪ್ಪು ಹುಡುಕ್ತಾನೆ, ಗೊತ್ತಿದ್ದೋನು ಬಾಗ್ಲು ಹಾಕ್ತಾನೆ. ಈಗ ಎರಡೂ ಪೇಪರು ತೆಗ್ದು ನೋಡ್ರಿ. ಆ ಸರ್ಕಾರದೋರ ಬಾಯಲ್ಲಿ ಜೋರಾಗಿ ಬಂದಿದ್ದು ಯಾವ ಮಾತು? 'ನಮ್ಮನ್ನ ಕೇಳ್ದೆ ನಮ್ಮ ಮನೆಗೆ ಯಾಕೆ ನುಗ್ಗಿದ್ರಿ?' ಅಂತ. 'ಇವನು ನಮ್ಮ ಮನೆಯಾಗೆ ಹೆಂಗೆ ಬಂದ' ಅನ್ನೋದು ಆಮೇಲೆ."

ಯಾರೋ "ಖರೇ!" ಅಂತ ಕೂಗಿದರು. ನಾನು ಕೈ ಎತ್ತಿದೆ. ನನಗೆ ಇನ್ನೂ ಮುಖ್ಯವಾದದ್ದು ಹೇಳುವುದಿತ್ತು.

"ಆದ್ರೆ ಅಷ್ಟಕ್ಕೇ ಇಡೀ ದೇಶಕ್ಕೆ ಕಳ್ಳತನ ಕಟ್ಟಾಕೂ ನಾನು ತಯಾರಿಲ್ಲ. ನಮ್ಮ ಪ್ಯಾಂಟು ಎಂಟು ಕೈ ದಾಟಿ ಬರ್ತೈತೆ. ಅವತ್ತು ಸಾವ್ಕಾರ್ರು ಬಳ್ಳಾರಿಯೋರಿಗೆ 'ನಂಗೆ ಗೊತ್ತಿರ್ಲಿಲ್ಲ' ಅಂದ್ರು. ಅದು ಸುಳ್ಳಾ? ಸುಳ್ಳಲ್ಲ. ಹಂಗಂತ ಶೆಡ್ಡಿಗೇ ಗೊತ್ತಿರ್ಲಿಲ್ಲ ಅಂದ್ರೆ ಅದು ನಿಜವಾ? ನಿಜ ಅಲ್ಲ, ಒಂದು ಕೈಗೆ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಿತ್ತಾ ಅಂತ ಕೇಳಿದ್ರೆ ನೂರು ವರ್ಷ ಆದ್ರೂ ಉತ್ರ ಸಿಗಾಕಿಲ್ಲ ಕಣ್ರೀ. ಯಾವ ಕೈಗೆ ಗೊತ್ತಿತ್ತು ಅಂತ ಕೇಳ್ರಿ. ಆ ಕೈ ಹುಡುಕಿ ಹೊರಗಿಟ್ರೆ ಮಿಕ್ಕೋರ ಮಾನ ಉಳಿತೈತೆ. ಹುಡುಕದಿದ್ರೆ, ಗೊತ್ತಿಲ್ದ ಅಜ್ಜನಂಥೋರೆಲ್ಲ ಬೈಸ್ಕೊಂತಾ ಇರ್ಬೇಕು."

ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಆ ಚಪ್ಪಾಳೆ ರಾಯದುರ್ಗದ ಕೋಟೆ ಬೆಟ್ಟಕ್ಕೆ ಬಡಿದು ವಾಪಸ್ ಬಂತು ಅಂತ ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಸುಂಕಮ್ಮ ಓಡಿ ಬಂದು ನನ್ನ ಕೆನ್ನೆ ಹಿಂಡಿದಳು, ಪ್ರೀತಿಯೋ ಸಿಟ್ಟೋ ಗೊತ್ತಾಗದ ಹಾಗೆ ಹಿಂಡಿದಳು. ಶಂಕರಪ್ಪ ಮೇಷ್ಟ್ರು ಎದ್ದು ನಿಂತು, "ಆ ದೇಶದ ಸಂಗತಿ ನಾವು ಇಲ್ಲಿ ಕೂತು ತೀರ್ಮಾನ ಮಾಡಾಕ ಬರಂಗಿಲ್ಲ. ವಾದ ಗೆದ್ದಾಕಿ ಮಾತ್ರ ರತ್ನಗಿರಿ ಗಂಗಮ್ಮ" ಅಂದರು. ಹಾರ ತಂದಿರಲಿಲ್ಲ, ತಮ್ಮ ಹೆಗಲ ಮೇಲಿನ ಟವಲನ್ನೇ ಹೊದಿಸಿದರು. ಆ ಗದ್ದಲದಲ್ಲಿ ತಿರುಗಿ ನೋಡಿದರೆ ಸಾವ್ಕಾರರ ಕುರ್ಚಿ ಖಾಲಿ. ಆಗಲೇ ಎದ್ದು ಹೊರಟುಹೋಗಿದ್ದರು.

ಮನೆಗೆ ನಡೆಯುವಾಗ ಗಂಡ ಕೇಳಿದ, "ಅಲ್ವೇ, ನೀನು ಗೆದ್ಯೋ ಸೋತ್ಯೋ?"

"ವಾದ ಗೆದ್ದೆ, ಟೇಬಲ್ಲು ಸೋತೆ" ಅಂದೆ.

"ಹೋಗ್ಲಿ ಬುಡು. ಇಷ್ಟು ಜನ ಚಪ್ಪಾಳೆ ಹೊಡೆದವ್ರೆ. ನಾಳೆ ಶೆಡ್ಡಿಂದ ಓಡ್ಸಿದ್ರೆ ವಾಷಿಂಗಿಗೆ ಬರುವಂತೆ" ಅಂದ ಪುಣ್ಯಾತ್ಮ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ನಕ್ಕೆ.

ಸೋಮವಾರ ಬೆಳಿಗ್ಗೆ ಬುತ್ತಿಯನ್ನೂ ಕಟ್ಟಿಕೊಳ್ಳದೆ ಹೋದೆ, ಹೇಗೂ ಅರ್ಧ ತಾಸಿನಲ್ಲಿ ವಾಪಸ್ ಬರುತ್ತೇನಲ್ಲ ಅಂತ. ಸಾವ್ಕಾರರು ಚೆಕಿಂಗ್ ಟೇಬಲ್ಲಿನ ಪಕ್ಕ ಕೈಕಟ್ಟಿ ನಿಂತಿದ್ದರು. ತಿಮ್ಮಪ್ಪಜ್ಜ ಅಲ್ಲೇ ಮೂಲೆಯಲ್ಲಿ ಗೋಣಿಯ ಮೇಲೆ ಕೂತಿದ್ದ.

"ಬಾ ಇಲ್ಲಿ" ಅಂದರು ಸಾವ್ಕಾರರು. "ಅಷ್ಟು ಮಂದಿ ಮುಂದ ಮುಚ್ಚಿಟ್ಟೀನಿ ಅಂತ ಒಪ್ಕೊಂಡೀ. ಅಂಥಾಕಿನ್ನ ಈ ಟೇಬಲ್ಲಿಗೆ ನಾನು ಯಾವ ನಂಬಿಕಿ ಮ್ಯಾಲ ಕುಂದ್ರಸ್ಲಿ? ನೀನಾ ಹೇಳು."

ನಾನು ನನ್ನ ಮಿಷನ್ನಿನ ಕಡೆ ತಿರುಗಿ ಕತ್ತರಿ, ಬಾಬಿನ್ನು ಎತ್ತಿಕೊಳ್ಳಲು ಹೊರಟೆ.

ಅಷ್ಟರಲ್ಲಿ ಸುಂಕಮ್ಮ ಎದ್ದಳು. ತನ್ನ ಸ್ಟೂಲಿನ ಮೇಲೆ ಮೆತ್ತಗಿರಲೆಂದು ಹಾಸಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ, ಒಳಗಿನಿಂದ ಎರಡು ಪ್ಯಾಂಟು ತೆಗೆದು ಟೇಬಲ್ಲಿನ ಮೇಲೆ ಇಟ್ಟಳು. "ಸಾವ್ಕಾರ್ರ, ಇವು ನಾನು ಕೆಡಿಸಿದ್ದು. ಬೈತೀರಂತ ಬಚ್ಚಿಟ್ಟಿದ್ದೆ. ಗಂಗಮ್ಮ, ಇವನ್ನ ಹೆಂಗ ಸರಿಮಾಡಾದು ನೋಡವ್ವ" ಅಂದಳು. ಅವಳ ಹಿಂದೆ ಬೆಲ್ಟು ತೂರಿಸುವ ಲೂಪು ಹಚ್ಚುವವಳು ಒಂದು ತಂದಳು. ಸೊಂಟಪಟ್ಟಿ ಹೊಲಿಯುವ ಬೆಲ್ಟಿನವನು ಮಿಷನ್ನಿನ ಕೆಳಗಿನ ಡಬ್ಬಿಯಿಂದ ನಾಲ್ಕು ಎಳೆದ. ಒಬ್ಬರನ್ನು ನೋಡಿ ಒಬ್ಬರು. ಸ್ಟೂಲಿನಿಂದ, ಗೋಣಿಯಿಂದ, ತಗಡಿನ ಸಂದಿಯಿಂದ ಸೊಟ್ಟ ಜಿಪ್ಪು, ತಿರುಚಿದ ಕಾಲು, ಮೂರು ಜೇಬಿನ ಪ್ಯಾಂಟು ಎಲ್ಲ ಹೊರಬಿದ್ದವು. ಟೇಬಲ್ಲು ತುಂಬಿ ನೆಲಕ್ಕೆ ಇಳಿಯಿತು.

"ಅಯ್ಯೋ ಶಿವನ! ಇಷ್ಟು ದಿನ ಇವೆಲ್ಲ ನನ್ನ ಶೆಡ್ಡಿನಾಗ ಇದ್ವಾ?" ಅಂತ ಸಾವ್ಕಾರರು ಗೋಡೆಗೆ ಒರಗಿದರು. "ನನಗ ಗೊತ್ತಾ ಇರ್ಲಿಲ್ಲಲ್ಲೋ!"

"ಅದನ್ನಾ ಆಕಿ ನಿನ್ನೆ ಹೇಳಿದ್ಲು" ಅಂದ ತಿಮ್ಮಪ್ಪಜ್ಜ ಮೂಲೆಯಿಂದ. "ನಾನು ಹನ್ನೆರಡು ವರ್ಷ ಕುಂತೆ ಬಸಣ್ಣ. ಒಬ್ಬರರ ನನ್ನ ಮುಂದ ತಂದಿಟ್ರಾ?"

ಎಲ್ಲರಿಗಿಂತ ಕೊನೆಗೆ ಹೊನ್ನೂರಪ್ಪ ಬಂದ. ಕೈಯಲ್ಲಿ ಮೂರು ಪ್ಯಾಂಟು. ಸಾವ್ಕಾರರ ಕಡೆ ನೋಡಲಿಲ್ಲ, ಬೇರೆಯವರ ಕಡೆಯೂ ನೋಡಲಿಲ್ಲ. ಅಷ್ಟು ದಿನ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅವನ್ನು ನನ್ನ ಮುಂದೆ ಚಾಚಿ, "ಇವು ನನ್ನವು. ಗೊತ್ತಿದ್ದಾ ಇಟ್ಟಿದ್ದೆ. ನೋಡಕ್ಕ" ಅಂದ.

ಸಾವ್ಕಾರರು ಆ ರಾಶಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಕಾಲಿನಿಂದ ಅಜ್ಜನ ಸ್ಟೂಲನ್ನು ನನ್ನ ಕಡೆ ನೂಕಿದರು.

"ಇನ್ನಾ ಯಾಕ ನಿಂತೀಯವ್ವ? ಕುಂದ್ರು."

ನಾನು ಕೂತೆ.